ಕುಸ್‌ಕುಸ್ ಮಡಕೆಯಲ್ಲಿ ಭಂಗಿ ಗಿಡ

"ಅಯ್ಯೋ ಕಳ್ಳ! ಕೆಳಗಿಡೋ ಅದನ್ನ!"

ಒಗೆದ ಬಟ್ಟೆಯ ಬುಟ್ಟಿ ಹೊತ್ತು ನೀರಿನ ಊಟೆಯಿಂದ ಮನೆಗೆ ಬಂದ ಮೆನ್ನಾನಾಳ ಕೂಗಿಗೆ ಪಕ್ಕದ ಮನೆಯ ಹೇಸರಗತ್ತೆಯೂ ಕಿವಿ ನಿಮಿರಿಸಿತು.

ಅಂಗಳದ ನಡುವೆ ಯಾರೋ ಅಪರಿಚಿತ ಗಂಡಸು ಮಂಡಿಯೂರಿ ಕೂತಿದ್ದ. ಅವನ ಎರಡೂ ಕೈಯಲ್ಲಿ ಅವಳ ಭಂಗಿ ಗಿಡ... ಡಬ್ಬದಿಂದ ಕಿತ್ತದ್ದು, ಬೇರುಗಳೆಲ್ಲ ಬತ್ತಲೆ!

ಮೆನ್ನಾನಾ ಯೋಚಿಸಲಿಲ್ಲ. ಯೋಚಿಸುವುದು ಅವಳ ಜಾಯಮಾನವೂ ಅಲ್ಲ. ಬುಟ್ಟಿಯಿಂದ ಅಜ್ಜಿಯ ಒದ್ದೆ ಜೆಲ್ಲಾಬ ನಿಲುವಂಗಿ ಎಳೆದು ಬೀಸಿಯೇ ಬಿಟ್ಟಳು.

ಧಪ್!

"ಅಯ್ಯಯ್ಯೋ! ಲಾಲ್ಲಾ, ಹೊಡೀರಿ, ಬೇಡ ಅನ್ನಲ್ಲ... ಆದ್ರೆ ತಲೆಗೆ ಹೊಡೀರಿ, ಕೈಗೆ ಬೇಡ! ಕೈಯಲ್ಲಿ ಬೇರಿದೆ!"

ಎರಡನೇ ಏಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. ಹೊಡೆತ ತಿನ್ನುತ್ತಾ, 'ಲಾಲ್ಲಾ' ಎಂದು ಮರ್ಯಾದೆಯಿಂದ ಕರೆಯುತ್ತಾ, ಬೇರಿನ ಚಿಂತೆ ಮಾಡುವ ಕಳ್ಳನನ್ನು ಅವಳು ಈವರೆಗೆ ಕಂಡಿರಲಿಲ್ಲ.

'ನೋಡೋಕೆ ಕಳ್ಳನ ಹಾಗೂ ಇಲ್ಲ. ಕನ್ನಡಕ ಬೇರೆ...' ಎಂದು ಮನಸ್ಸು ಹೇಳಿತು. ಆ ಮನಸ್ಸಿನ ಬಾಯಿ ಮುಚ್ಚಿಸಿ ಗದರಿದಳು. "ಯಾರು ನೀನು? ಯಾರು ಒಳಗೆ ಬಿಟ್ಟಿದ್ದು?"

"ನಾನೇ ಕಣೇ!" ಅಡುಗೆಮನೆಯಿಂದ ಯಮ್ನಾ ಅಜ್ಜಿ ಚಹಾದ ಹೂಜಿ ಹಿಡಿದು ಬಂದಳು. "ಬಾಗಿಲಿಗೆ ಬಂದವರ ಹೆಸರು ಕೇಳಿ ಒಳಗೆ ಬಿಡೋದು ನಮ್ಮ ಮನೆತನದಲ್ಲಿ ಇದ್ಯಾ? ಮೊದಲು ಚಹಾ, ಆಮೇಲೆ ಹೆಸರು. ಹ್ಞಾಂ, ಮಗನೇ, ಈಗ ಹೇಳು, ನಿನ್ನ ಹೆಸರೇನು?"

ಅವನ ಹೆಸರು ತಯ್ಯಿಬ್. ಊರು ದೂರದ ಬಯಲುಸೀಮೆಯ ಪಟ್ಟಣ ಮೆಕ್ನೆಸ್. ಮಣ್ಣಿನ ಬಗ್ಗೆ ಓದಿದವನು. ಪರವಾನಗಿ ಪಡೆದು ಔಷಧಕ್ಕಾಗಿ ಭಂಗಿ ಬೆಳೆಯುವ ಸಹಕಾರ ಸಂಘಗಳಿಗೆ ಸಲಹೆ ಕೊಡಲು ಹೊಸದಾಗಿ ಈ ಗುಡ್ಡಗಳಿಗೆ ಬಂದಿದ್ದ. ಕೆಳಗಿನ ಪೇಟೆ ಬಾಬ್ ಬೆರ್ರದ್‌ನಲ್ಲಿ ಜೀಪು ಬಿಟ್ಟು ಇಲ್ಲಿಯವರೆಗೆ ಹತ್ತಿ ಬಂದ ಸುಸ್ತು ಇನ್ನೂ ಅವನ ಮುಖದ ಮೇಲಿತ್ತು. ಈಗ ಅದರ ಮೇಲೆ ಜೆಲ್ಲಾಬದ ನೀರೂ ಇಳಿಯುತ್ತಿತ್ತು.

"ಸಲಹೆ ಕೊಡೋರು ಗಿಡ ಯಾಕೆ ಕೀಳ್ತಾರೆ?" ಮೆನ್ನಾನಾ ಮತ್ತೆ ಜೆಲ್ಲಾಬ ಎತ್ತಿದಳು. "ಅದು ನನ್ನಪ್ಪಂದು..."

ಎತ್ತದೆ ಏನು ಮಾಡಿಯಾಳು? ಅವಳಪ್ಪ ಅಲ್ಲಾಲ್ ನಲವತ್ತು ವರ್ಷ ಆರಿಸಿ ಆರಿಸಿ ಉಳಿಸಿದ ನಾಟಿ ತಳಿ ಅದು. ಅಪ್ಪ ತೀರಿಹೋದ ಚಳಿಗಾಲದಲ್ಲಿ ಬೀಜದ ಮಡಕೆಗೆ ಹೆಗ್ಗಣ ನುಗ್ಗಿತು. ಉಳಿದದ್ದು ಒಂದು ಹಿಡಿ, ಮೊಳೆತದ್ದು ಒಂದೇ ಒಂದು. ಇನ್ನು ಹತ್ತು ದಿನಕ್ಕೆ, ಮುಂದಿನ ಶನಿವಾರ, ಬೀಜ ಸಮಿತಿಯವರು ಬರುತ್ತಾರೆ. ಗಿಡ ಜೀವಂತವಾಗಿದ್ದರೆ ಅದರ ಕಡ್ಡಿ ಕತ್ತರಿಸಿ ಒಯ್ದು ಸಸಿ ಮಾಡುತ್ತಾರೆ, ತಳಿಗೆ ಅಪ್ಪನ ಹೆಸರು ಬೀಳುತ್ತದೆ. ಸತ್ತಿದ್ದರೆ ಮುಗಿಯಿತು. ಬರುವ ವರ್ಷ ಊರಿಗೆ ಊರೇ ಹೊರದೇಶದ ಬೀಜ ಬಿತ್ತಬೇಕು. ಆ ಗಿಡಗಳೋ, ಆಗಸ್ಟಿನಲ್ಲಿ ಊಟೆಯೇ ಬತ್ತುವಷ್ಟು ನೀರು ಕುಡಿಯುವ ಜಾತಿ!

"ಲಾಲ್ಲಾ, ಇದನ್ನ ಮೂಸಿ ನೋಡಿ," ತಯ್ಯಿಬ್ ಬೇರನ್ನು ಮೆಲ್ಲಗೆ ಮುಂದೆ ಹಿಡಿದ.

ಮೂಸಿದಳು. ಕೊಳೆತ ವಾಸನೆ. ಬೆಳ್ಳಗಿರಬೇಕಾದ ಬೇರಿನ ತುದಿಯೆಲ್ಲ ಕಂದಾಗಿತ್ತು.

"ಎಣ್ಣೆ ಡಬ್ಬದಲ್ಲಿ ನೆಟ್ಟಿದ್ದೀರಿ, ತಳಕ್ಕೆ ತೂತಿಲ್ಲ. ನೀರು ಹೋಗೋಕೆ ದಾರಿ ಇಲ್ಲ. ಮಣ್ಣೋ, ಬರೀ ಜೇಡಿ. ಉಸಿರು ಕಟ್ಟಿದೆ ಪಾಪ. ಈ ಮಣ್ಣು ಸರಿಯಿಲ್ಲ..."

"ಏನಂದೆ?"

ಈ ಗುಡ್ಡದಲ್ಲಿ ಒಬ್ಬರ ಮೂಗಿನ ಬಗ್ಗೆ ಏನಾದರೂ ಅನ್ನಬಹುದು, ಅವರ ಹೊಲದ ಮಣ್ಣಿನ ಬಗ್ಗೆ ಅನ್ನುವ ಹಾಗಿಲ್ಲ.

"ಅದು ನನ್ನಪ್ಪನ ಹೊಲದ ಮಣ್ಣು!"

"ಹೊಲದಲ್ಲಿ ಅದು ಬಂಗಾರ ಲಾಲ್ಲಾ!" ತಯ್ಯಿಬ್ ಗಾಬರಿಯಿಂದ ತಿದ್ದಿಕೊಂಡ. "ಅಲ್ಲಿ ಇಳಿಜಾರಿದೆ, ಎರೆಹುಳ ಇದೆ. ಡಬ್ಬದೊಳಗೆ ಮಾತ್ರ ಅದು... ಸ್ವಲ್ಪ ಬಿಗಿ. ಅರ್ಧ ನಿಮ್ಮಪ್ಪನ ಮಣ್ಣೇ ಇರಲಿ. ಉಳಿದರ್ಧಕ್ಕೆ ಹೊಳೆಮರಳು, ಹಳೇ ಆಡಿನ ಗೊಬ್ಬರ, ಬಿರಡೆ ಮಾಡೋ ಬೆಂಡಿನ ಮರದ ತೊಗಟೆ ಚೂರು. ನೀರು ಬಂದ ಹಾಗೆ ಇಳಿದು ಹೋಗ್ಬೇಕು. ಈಗ್ಲೇ ಮಾಡ್ಬೇಕು, ಬೇರು ಒಣಗ್ತಿದೆ!"

ಮೆನ್ನಾನಾ ಒಂದು ಕ್ಷಣ ಅವನ ಕಣ್ಣು ನೋಡಿದಳು. ಆ ಕಣ್ಣಿನಲ್ಲಿ ಸುಳ್ಳು ಕಾಣಲಿಲ್ಲ, ಬರೀ ಗಾಬರಿ ಕಂಡಿತು. ಬುಟ್ಟಿ ಬಿಸುಟು ಹೊಳೆಯ ಕಡೆ ಓಡಿದಳು.

ಅವಳು ಮರಳು ತರುವಷ್ಟರಲ್ಲಿ ತಯ್ಯಿಬ್ ಬೇರಿಗೆ ಒದ್ದೆ ಬಟ್ಟೆ ಸುತ್ತಿ, ಕೊಳೆತ ತುದಿಗಳನ್ನು ಕತ್ತರಿಸಿ, ಸೌದೆ ರಾಶಿಯಿಂದ ಬೆಂಡಿನ ತೊಗಟೆ ಆರಿಸಿ ಪುಡಿಮಾಡುತ್ತಿದ್ದ. ಅಜ್ಜಿ ಆಡುಗಳಿಗೆ ಮೇವು ಹಾಕಲು ಹೋಗಿದ್ದಳು.

"ಕುಂಡ?" ಎಂದ.

ಅದೊಂದಿರಲಿಲ್ಲ. ಪ್ಲಾಸ್ಟಿಕ್ ಬಕೆಟ್ಟಿದೆ, ತೂತಿಲ್ಲ. ನೀರಿನ ಹೂಜಿ ಇದೆ, ಬಾಯಿ ಸಣ್ಣದು. ತಯ್ಯಿಬ್‌ನ ಕಣ್ಣು ಅಡುಗೆಮನೆಯ ಗೂಡಿನ ಮೇಲೆ ಹೋಗಿ ನಿಂತಿತು.

"ಸುಬಾನಲ್ಲಾ! ಮಣ್ಣಿಂದು... ಅಗಲ... ತಳದಲ್ಲಿ ಇಪ್ಪತ್ತು ತೂತು! ಇಂಥಾ ಕುಂಡ ಮೆಕ್ನೆಸ್‌ನಲ್ಲೂ ಸಿಗಲ್ಲ!"

"ಅದು ಕುಂಡ ಅಲ್ಲ," ಮೆನ್ನಾನಾ ಉಗುಳು ನುಂಗಿದಳು. "ಅಜ್ಜಿ ಕುಸ್‌ಕುಸ್ ಬೇಯಿಸೋ ಮಡಕೆ."

ಹಬೆ ಏರಲೆಂದು ತಳವೆಲ್ಲ ತೂತಿರುವ ಆ ಮಡಕೆಯಲ್ಲಿ ಯಮ್ನಾ ಅಜ್ಜಿ ಐವತ್ತು ವರ್ಷಗಳಿಂದ ಒಂದು ಶುಕ್ರವಾರವೂ ತಪ್ಪದೆ ಗೋಧಿ ರವೆಯ ಕುಸ್‌ಕುಸ್ ಬೇಯಿಸಿದ್ದಳು. ಇವತ್ತು ಬುಧವಾರ.

ಇಬ್ಬರೂ ಮಡಕೆ ನೋಡಿದರು. ಗಿಡ ನೋಡಿದರು. ಮುಖ ಮುಖ ನೋಡಿಕೊಂಡರು.

"ತಗೋ," ಎಂದಳು ಮೆನ್ನಾನಾ. "ಸಾಯೋದಾದ್ರೆ ಇಬ್ರೂ ಸಾಯೋಣ."

ಗೊತ್ತಿಲ್ಲದೆ ಆಡಿದ ಮಾತು. ಆದರೆ ತಯ್ಯಿಬ್‌ನ ಕಿವಿ ಯಾಕೋ ಕೆಂಪಾಯಿತು.

ತಳಕ್ಕೆ ಬೆಂಡಿನ ದಪ್ಪ ಚೂರು ಹರಡಿದರು. ಮೇಲೆ ಕಲಸಿದ ಮಣ್ಣು. ಅವನು ಗಿಡ ನೆಟ್ಟಗೆ ಹಿಡಿದ, ಅವಳು ಸುತ್ತ ಮಣ್ಣು ತುಂಬಿ ಮೆಲ್ಲಗೆ ಅದುಮಿದಳು. ಪ್ರೇಮ ಕಥೆ ಎಂದಮೇಲೆ ಇಂಥ ಕಡೆ ಬೆರಳಿಗೆ ಬೆರಳು ತಾಗಲೇಬೇಕು. ತಾಗಿತು. ಆಡಿನ ಗೊಬ್ಬರದ ನಡುವೆ ತಾಗಿತು ಅನ್ನುವುದಷ್ಟೇ ವ್ಯತ್ಯಾಸ!

ಒಂದು ಚೊಂಬು ನೀರು ಹಾಕಿದರು. ನೀರು ಮಣ್ಣಿನೊಳಗೆ ಇಳಿದು, ಮರುಕ್ಷಣವೇ ತಳದ ತೂತುಗಳಿಂದ ಸಣ್ಣಗೆ ಸುರಿಯಿತು.

"ನೋಡಿ... ಉಸಿರಾಡ್ತಿದೆ!" ಮಗುವಿನ ಹಾಗೆ ನಕ್ಕ ತಯ್ಯಿಬ್. "ಇನ್ನು ಮೂರು ದಿನ ಒಂದು ತೊಟ್ಟೂ ಬೇಡ. ನಿಮ್ಮಪ್ಪ ಉಳಿಸಿದ್ದು ಬಾಯಾರಿಕೆ ತಡೆಯೋ ತಳಿ ಲಾಲ್ಲಾ. ಬೇರೆ ಬೀಜಗಳನ್ನೂ ನೋಡಿದ್ದೀನಿ. ಇದು ಹೋದ್ರೆ ಇಂಥದ್ದು ಇನ್ನೊಂದಿಲ್ಲ."

ಮೆನ್ನಾನಾಗೆ ಅಳು ಬಂದ ಹಾಗಾಯಿತು. ಅಪ್ಪ ಹೋದಮೇಲೆ ಆ ಗಿಡದ ಬೆಲೆ ಗೊತ್ತಿದ್ದ ಮೊದಲ ಮನುಷ್ಯ ಇವನು.

ಅಲ್ಲಿಗೆ ಎಲ್ಲ ಸರಿಹೋಗಬೇಕಿತ್ತು. ಎರಡು ದಿನ ಮಡಕೆಗೆ ಗೋಣಿ ಸುತ್ತಿ ಮೆನ್ನಾನಾ ಅಜ್ಜಿಯ ಕಣ್ಣನ್ನೂ ತಪ್ಪಿಸಿದಳು. ಆದರೆ ಶುಕ್ರವಾರ ಬಂತು.

"ಏಳು ಮಕ್ಕಳನ್ನ ಸಾಕಿದ ಮಡಕೆ ಅದು!" ಅಜ್ಜಿಯ ಧ್ವನಿ ಕಣಿವೆಯಾಚೆ ಕೇಳಿಸಿತು. "ಅದ್ರಲ್ಲಿ ಗೊಬ್ಬರ ತುಂಬಿದ್ದೀರಾ! ಶುಕ್ರವಾರದ ದಿನ ನಾನು ಅವರೆ ಸಾರು ಕುಡೀಬೇಕಾ? ಎಲ್ಲಿ ಆ ಮೆಕ್ನೆಸ್‌ನವನು?"

ಆ ಮೆಕ್ನೆಸ್‌ನವನು ಗಿಡ ನೋಡುವ ನೆಪದಲ್ಲಿ ಅಷ್ಟರಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದ. ತಲೆ ತಗ್ಗಿಸಿ ಬೈಗುಳವನ್ನೆಲ್ಲ ಕೇಳಿದ. ಆಮೇಲೆ ಅದೇ ಅಜ್ಜಿಯ ಪಕ್ಕ ಕೂತು, ಅದೇ ಅವರೆ ಸಾರನ್ನು ಆಲಿವ್ ಎಣ್ಣೆ ಸುರಿದುಕೊಂಡು ಎರಡು ಬಟ್ಟಲು ಹೊಡೆದ. ಮೂರನೆಯದಕ್ಕೆ ಅಜ್ಜಿ ಬೈಯುವುದನ್ನು ನಿಲ್ಲಿಸಿ ರೊಟ್ಟಿ ಮುರಿದುಕೊಟ್ಟಳು.

'ಹೊಟ್ಟೆಬಾಕ,' ಎಂದುಕೊಂಡಳು ಮೆನ್ನಾನಾ. ಹಾಗೆಂದುಕೊಂಡಾಗ ತುಟಿಯಲ್ಲಿ ನಗು ಯಾಕೆ ಬಂತೋ, ಅವಳಿಗೇ ತಿಳಿಯಲಿಲ್ಲ.

ತಯ್ಯಿಬ್ ಮರುದಿನ ಬೇರೆ ಹಳ್ಳಿಗಳಿಗೆ ಹೊರಟ. ಭಾನುವಾರ ಬೆಳಿಗ್ಗೆ ಮೆನ್ನಾನಾ ಅಂಗಳಕ್ಕೆ ಬಂದವಳು ಎದೆ ಹಿಡಿದುಕೊಂಡು ನಿಂತಳು.

ಗಿಡ ಜೋತುಬಿದ್ದಿತ್ತು. ಎಲೆಗಳೆಲ್ಲ ಕೆಳಮುಖ. ತುದಿ ಹಳದಿ.

ಸೋಮವಾರ ಸಂತೆಯಲ್ಲಿ ಅವಳು ಅವನ ಜೀಪು ಕಂಡಳು. ಹಿಂದೆ ರಟ್ಟಿನ ಪೆಟ್ಟಿಗೆಗಳಿದ್ದವು. ಮೇಲೆ ಹೊರದೇಶದ ಅಕ್ಷರ, ಭಂಗಿ ಎಲೆಯ ಚಿತ್ರ.

ಬೀಜ! ಹೊರಗಿನ ಬೀಜ!

"ಇದಕ್ಕಾ?" ಈರುಳ್ಳಿ ರಾಶಿಗಳ ನಡುವೆ ನಿಂತು ಅವಳು ಕೂಗಿದಳು. ಸಂತೆಗೆ ಸಂತೆಯೇ ತಿರುಗಿ ನೋಡಿತು. "ಇದನ್ನ ಮಾರೋಕಾ ನನ್ನಪ್ಪನ ಗಿಡ ಕಿತ್ತಿದ್ದು? ಸತ್ತುಹೋಯ್ತು! ತಿಳೀತಾ? ಸತ್ತೇಹೋಯ್ತು! ಸಂತೋಷ ಆಯ್ತಾ ನಿಂಗೆ?"

ತಯ್ಯಿಬ್‌ನ ಮುಖ ಬಿಳುಚಿಕೊಂಡಿತು.

"ಸತ್ತು...? ಲಾಲ್ಲಾ ಮೆನ್ನಾನಾ, ಈ ಪೆಟ್ಟಿಗೆಗಳು ನಾನು ವಾಪಸ್..."

"ನನ್ನ ಹೆಸರು ಹಿಡೀಬೇಡ!"

ಕಣ್ಣೀರು ಯಾರಿಗೂ ಕಾಣದಿರಲಿ ಎಂದು ಸರಸರ ನಡೆದುಬಿಟ್ಟಳು. ದಾರಿಯುದ್ದಕ್ಕೂ ಅತ್ತಳು. ಗಿಡಕ್ಕಾಗಿ ಅತ್ತದ್ದೆಷ್ಟು, ಅವನನ್ನು ನಂಬಿದ್ದಕ್ಕೆ ಅತ್ತದ್ದೆಷ್ಟು, ಅವಳೇ ಲೆಕ್ಕ ಹಾಕಲಿಲ್ಲ.

ಮನೆ ಬಾಗಿಲು ತಳ್ಳಿದಾಗ ಅಜ್ಜಿ ಗಿಡದ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಚಹಾದ ಹೂಜಿ. ಒಂದು ಲೋಟ ತಾನು ಕುಡಿದಳು, ಇನ್ನೊಂದು ಲೋಟವನ್ನು ಪ್ರೀತಿಯಿಂದ ಗಿಡದ ಬುಡಕ್ಕೆ ಸುರಿದಳು.

"ಕುಡಿ ಮಗಳೇ, ಕುಡಿ. ಎರಡಾಯ್ತು. ಇನ್ನೊಂದೇ..."

"ಅಜ್ಜೀ! ಏನ್ ಮಾಡ್ತಿದ್ದೀಯಾ?"

"ಏನು ಮಾಡ್ತಿದ್ದೀನಿ? ಚಹಾ ಕೊಡ್ತಿದ್ದೀನಿ! ಮೊದಲು ಡಬ್ಬದಲ್ಲಿತ್ತು, ದಿನಕ್ಕೆ ಒಂದು ಲೋಟ ಕೊಡ್ತಿದ್ದೆ. ಈಗ ನನ್ನ ಮಡಕೆಗೇ ಬಂದು ಕೂತಿದೆ, ಅತಿಥಿ ಅಲ್ವಾ? ಮೂರು ಲೋಟ ಕೊಡದೆ ಕಳಿಸೋದು ಎಲ್ಲಾದ್ರೂ ಉಂಟಾ? ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ಸಂಜೆ ಮೂರು."

ಮೆನ್ನಾನಾ ಬಗ್ಗಿ ನೋಡಿದಳು. ಮಣ್ಣಿನ ಮೇಲೆ ಪುದೀನ ಎಲೆ. ಮಡಕೆಯ ಸುತ್ತ ಸಾಲುಗಟ್ಟಿದ ಇರುವೆ. ಇಡೀ ಗುಡ್ಡದಲ್ಲಿ ಇಷ್ಟು ಸತ್ಕಾರ ಕಂಡ ಗಿಡ ಇನ್ನೊಂದಿರಲಾರದು. ತಯ್ಯಿಬ್ ಏನು ಕೊಲ್ಲುತ್ತಾನೆ, ಕೊಲ್ಲುತ್ತಿರುವುದು ಅಜ್ಜಿಯ ಮರ್ಯಾದೆ!

'ಅಯ್ಯೋ ದೇವರೇ... ಈರುಳ್ಳಿ ಮಾರೋರ ಮುಂದೆ, ಅಷ್ಟು ಜನರ ಮುಂದೆ ಅವನಿಗೆ ಏನೆಲ್ಲ ಅಂದುಬಿಟ್ಟೆ!'

ಅಂದೇ ಹಾಳಾದ ಮಣ್ಣನ್ನು ಮೇಲಿನಿಂದ ಕೆರೆದು ತೆಗೆದು, ಮರಳು, ತೊಗಟೆ ಹೊಸದಾಗಿ ಸೇರಿಸಿದಳು. ಅಜ್ಜಿಯ ಕೈಯಿಂದ ಹೂಜಿ ಕಿತ್ತುಕೊಂಡಳು. ಅಜ್ಜಿ ಎರಡು ದಿನ ಮಾತು ಬಿಟ್ಟಳು. ಪರವಾಗಿಲ್ಲ. ಬುಧವಾರ ಒಂದು ಎಲೆ ಎದ್ದಿತು. ಗುರುವಾರ ನಾಲ್ಕು. ಶುಕ್ರವಾರ ಗಿಡ ಸೆಟೆದು ನಿಂತು ಹೊಸ ಚಿಗುರು ಬಿಟ್ಟಿತು.

ಊರಿನ ಸಹಕಾರ ಸಂಘದ ಚೀಟಿಯಲ್ಲಿ ತಯ್ಯಿಬ್‌ನ ನಂಬರಿತ್ತು. 'ಗಿಡ ಬದುಕಿದೆ' ಎಂದು ಮೊಬೈಲಿನಲ್ಲಿ ಬರೆದಳು. ಅಷ್ಟೇ ಸಾಕಾ? 'ತಪ್ಪಾಯ್ತು' ಎಂದು ಸೇರಿಸಿದಳು. ಅಳಿಸಿದಳು. 'ನೀವು ಹೇಗಿದ್ದೀರಿ' ಎಂದು ಬರೆದಳು, ನಾಚಿಕೆಯಾಗಿ ಅದನ್ನೂ ಅಳಿಸಿದಳು. ಹನ್ನೊಂದು ಸಲ ಬರೆದದ್ದರಲ್ಲಿ ಒಂದೂ ಹೋಗಲಿಲ್ಲ.

ಹೀಗಾಗಿ ಶನಿವಾರ ಬಂದಾಗ, ಇಡೀ ಲೋಕದಲ್ಲಿ ಗಿಡ ಸತ್ತಿದೆ ಎಂದು ನಂಬಿದ್ದವನು ತಯ್ಯಿಬ್ ಒಬ್ಬನೇ.

ಅಂಗಳದ ತುಂಬ ಸಂಘದ ಹೆಂಗಸರು. ಸಮಿತಿ ಬರುತ್ತದೆಂದು ಎಲ್ಲರೂ ಕೆಂಪು ಬಿಳಿ ಪಟ್ಟೆಯ ಹೊಸ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡಿದ್ದರು. ಊರಿಗೆಲ್ಲ ಚಿಕ್ಕಮ್ಮನಾದ ಖಾಲ್ತಿ ಹಿಮ್ಮು ಬಾಗಿಲಲ್ಲಿ ನಿಂತು ಇಳಿಜಾರು ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡಳು.

"ಸಮಿತಿ ಅಲ್ಲ ಕಣ್ರೇ! ಮೆಕ್ನೆಸ್‌ನವನು! ಒಬ್ಬನೇ ಬರ್ತಿದ್ದಾನೆ... ಕೈಯಲ್ಲಿ... ಕೈಯಲ್ಲಿ ಸಕ್ಕರೆ!"

ಹೌದು. ನೀಲಿ ಕಾಗದ ಸುತ್ತಿದ, ಮೇಲೆ ಚೂಪಾದ ಸಕ್ಕರೆ ಗಟ್ಟಿಗಳು. ಒಂದೊಂದೂ ಎರಡು ಕಿಲೋ. ಎಡಗಂಕುಳಲ್ಲಿ ಒಂದು, ಬಲಗಂಕುಳಲ್ಲಿ ಒಂದು. ಮದುವೆಯಾಗದ ಹೆಣ್ಣಿರುವ ಮನೆಗೆ ಮದುವೆಯಾಗದ ಗಂಡು ಸಕ್ಕರೆ ಗಟ್ಟಿ ಹೊತ್ತು ಬಂದರೆ ಅರ್ಥ ಏನೆಂದು ಈ ಗುಡ್ಡದ ಆಡುಗಳಿಗೂ ಗೊತ್ತು.

"ಯೂಯೂಯೂಯೂ!" ಹಿಮ್ಮು ನಾಲಗೆ ಹೊರಳಿಸಿ ಹರ್ಷದ ಕೂಗು ಹಾಕಿದಳು. ಇಪ್ಪತ್ತು ಹೆಂಗಸರು ದನಿಗೂಡಿಸಿದರು.

'ನಾನು ಅಷ್ಟೆಲ್ಲ ಬೈದಮೇಲೂ...? ನನ್ನನ್ನು...?' ಮೆನ್ನಾನಾ ಓಡಿಹೋಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಎದೆಯೊಳಗೆ ಸಂತೋಷ ಉಕ್ಕುತ್ತಿತ್ತು.

ತಯ್ಯಿಬ್ ಮುಖ ಸಣ್ಣ ಮಾಡಿಕೊಂಡು ಒಳಗೆ ಬಂದ. ಈ ಕೂಗಾಟ ಏಕೆಂದು ಅವನಿಗೆ ಹೊಳೆಯಲಿಲ್ಲ. ಗುಡ್ಡದವರ ದುಃಖದ ರೀತಿಯೇ ಹೀಗಿರಬಹುದು ಎಂದುಕೊಂಡನೋ ಏನೋ! ಸಕ್ಕರೆಯನ್ನು ಅಜ್ಜಿಯ ಮುಂದಿಟ್ಟು ತಲೆ ತಗ್ಗಿಸಿದ.

"ದೇವರು ನಿಮಗೆಲ್ಲ ತಾಳ್ಮೆ ಕೊಡಲಿ, ಲಾಲ್ಲಾ ಯಮ್ನಾ."

"ನಮಗ್ಯಾಕಪ್ಪ?" ಹಿಮ್ಮು ನಕ್ಕಳು. "ತಾಳ್ಮೆ ಬೇಕಾಗಿರೋದು ನಿನಗೆ! ಈ ಹುಡುಗಿ ಕೋಪ ಸಂತೆಯಲ್ಲಿ ನೋಡಿದ್ದೀಯಲ್ಲ!"

ಅಷ್ಟರಲ್ಲಿ ಸಮಿತಿಯವರು ಬಂದರು. ಹಿರಿಯರಾದ ಹಾಜಿ ಬೂಷ್ತಾ ಸಕ್ಕರೆ ನೋಡಿ, ಹೆಂಗಸರ ಮುಖ ನೋಡಿ ಕೈ ಎತ್ತಿದರು. "ಮಬ್ರೂಕ್, ಮಬ್ರೂಕ್! ಶುಭದ ದಿನವೇ ಬಂದಿದ್ದೀವಿ. ಹ್ಞಾಂ, ಗಿಡ ಎಲ್ಲಿ?"

ಹೆಂಗಸರು ಸರಿದು ದಾರಿ ಬಿಟ್ಟರು.

ತಯ್ಯಿಬ್ ತಲೆ ಎತ್ತಿದ. ಕುಸ್‌ಕುಸ್ ಮಡಕೆಯಲ್ಲಿ, ಬಿಸಿಲಿಗೆ ಮುಖ ಮಾಡಿ, ಹಸಿರು ಹಸಿರಾಗಿ...

"ಬದುಕಿದೆ!" ಎಂದು ಚೀರಿದ. ಹೋಗಿ ಮಡಕೆಯನ್ನು ತಬ್ಬಿಕೊಂಡು ಕೂತುಬಿಟ್ಟ. ಕನ್ನಡಕದೊಳಗಿಂದ ಕಣ್ಣೀರು ಇಳಿಯಿತು. "ಬದುಕಿದೆ... ಬದುಕಿದೆ..."

ಮೆನ್ನಾನಾ ಬಾಗಿಲ ಹಿಂದೆ ನಿಲ್ಲಲಾರದೆ ಹೊರಗೆ ಬಂದಳು. ಮೊದಲ ಸಲ ಅವನ ಹೆಸರಿಗೆ 'ಸೀದಿ' ಎಂಬ ಮರ್ಯಾದೆಯ ಮಾತೂ ಸೇರಿತು. "ಹಾಜಿ, ಇದನ್ನ ಬದುಕಿಸಿದ್ದು ಸೀದಿ ತಯ್ಯಿಬ್. ನಾನು ಸಂತೆಯಲ್ಲಿ ಇವರಿಗೆ ಅಂದದ್ದೆಲ್ಲ ಸುಳ್ಳು. ಎಲ್ಲರೂ ಕೇಳಿಸ್ಕೊಳ್ಳಿ... ತಪ್ಪು ನಂದು."

ಹಾಜಿ ಹುಬ್ಬೇರಿಸಿದರು. "ಸಂತೆಯಲ್ಲಾ? ಹೊರಗಿನ ಬೀಜ ಈ ನೀರಿಗೆ ಆಗಲ್ಲ ಅಂತ ಪೆಟ್ಟಿಗೆ ಪೆಟ್ಟಿಗೆಯೇ ವಾಪಸ್ ತಂದು ನನ್ನ ಮೇಜಿನ ಮೇಲಿಟ್ಟವನು ಇವನೇ ಅಲ್ವಾ!"

ಗಿಡದಿಂದ ಎಂಟು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಕಾಂಡಕ್ಕೆ ಪಟ್ಟಿ ಕಟ್ಟಿದರು. ಅದರ ಮೇಲೆ ಬರೆದಿತ್ತು: ಅಲ್ಲಾಲ್ ತಳಿ. ಮೆನ್ನಾನಾ ಆ ಅಕ್ಷರಗಳ ಮೇಲೆ ಬೆರಳಾಡಿಸಿ ಅತ್ತಳು. ಅಜ್ಜಿಯೂ ಅತ್ತಳು.

"ಸರಿ ಮಗನೇ," ಹಾಜಿ ತಯ್ಯಿಬ್‌ನ ಬೆನ್ನು ತಟ್ಟಿದರು. "ಹಿರಿಯರಿಲ್ಲದೆ ಸಕ್ಕರೆ ತಂದಿದ್ದೀಯ. ನಿನ್ನ ಪರವಾಗಿ ಹುಡುಗಿಯನ್ನ ನಾನೇ ಕೇಳಲಾ?"

ಆಗ ಅರ್ಥವಾಯಿತು ತಯ್ಯಿಬ್‌ಗೆ. ಸಕ್ಕರೆ ಗಟ್ಟಿ ನೋಡಿದ, ಮೆನ್ನಾನಾಳ ಕಡೆ ನೋಡಿದ.

"ಅದು... ಹಾಜಿ... ಗಿಡ ತೀರಿಹೋಯ್ತು ಅಂದ್ಕೊಂಡು... ಸಾವಿನ ಮನೆಗೂ ಸಕ್ಕರೆ ಒಯ್ತಾರಲ್ವಾ... ದುಃಖ ವಿಚಾರಿಸೋಕೆ ತಂದ ಸಕ್ಕರೆ..."

ಹಿಮ್ಮು ಇನ್ನೊಂದು ಕೂಗಿಗೆಂದು ಬಾಯಿಗೆತ್ತಿದ ಕೈಯನ್ನು ಮೆಲ್ಲಗೆ ಇಳಿಸಿದಳು.

ಅರ್ಧ ಗಂಟೆ! ಬರೀ ಅರ್ಧ ಗಂಟೆ ಮೆನ್ನಾನಾ ಅದನ್ನು ನಿಜವೆಂದು ನಂಬಿದ್ದಳು. ಅಷ್ಟರಲ್ಲೇ ಮನಸ್ಸು ಎಷ್ಟು ದೂರ ಹೋಗಿಬಿಟ್ಟಿತ್ತು! ಎರಡೂ ಸಕ್ಕರೆ ಗಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ತಯ್ಯಿಬ್ ಹಿಂದೆಯೇ ಓಡಿದ.

"ತಗೊಳ್ಳಿ," ಅವನ ಮುಖ ನೋಡದೆ ಹೇಳಿದಳು. "ಈ ಮನೆಯಲ್ಲಿ ಯಾರೂ ಸತ್ತಿಲ್ಲ, ಸೀದಿ ತಯ್ಯಿಬ್. ಸಕ್ಕರೆ ವಾಪಸ್ ಒಯ್ಯಿರಿ."

"ಒಯ್ಯಲ್ಲ."

"ಯಾಕೆ?"

"ನನ್ನ ಸ್ವಲ್ಪ ಸರಿಯಾಗಿ ನೋಡಿ ಲಾಲ್ಲಾ."

ನೋಡಿದಳು. ಹೊಸದಾಗಿ ಕತ್ತರಿಸಿದ ಕೂದಲು. ಇಸ್ತ್ರಿ ಮಾಡಿದ ಅಂಗಿ. ಕಿತ್ತಳೆ ಹೂವಿನ ಅತ್ತರಿನ ಘಮ.

"ಸತ್ತ ಗಿಡಕ್ಕೆ ಯಾರಾದ್ರೂ ಅತ್ತರು ಹಚ್ಕೊಂಡು ಬರ್ತಾರಾ?" ಎಂದ ಅವನು. "ಗಿಡಕ್ಕೆ ಅಂತಾನೇ ಹೊರಟೆ. ಆದ್ರೆ ಗುಡ್ಡ ಹತ್ತುತ್ತಾ ಹತ್ತುತ್ತಾ ಗೊತ್ತಾಯ್ತು, ನಾನು ಅಳ್ತಿರೋದು ಗಿಡಕ್ಕಲ್ಲ. ಗಿಡ ಹೋದ್ರೆ ಈ ಮನೆಗೆ ಬರೋಕೆ ನನಗೆ ಇನ್ಯಾವ ನೆಪ ಇದೆ ಅಂತ..."

"ಮತ್ತೆ ಅಷ್ಟು ಜನರೆದುರು ಸಾವಿಗೆ ತಂದೆ ಅಂದ್ರಲ್ಲ!"

"ಅಷ್ಟು ಜನರೆದುರು ನೀವು ಬೇಡ ಅಂದಿದ್ರೆ ನಾನು ಅಲ್ಲೇ ಸಾಯ್ತಿದ್ದೆ. ಆಗ ಸಕ್ಕರೆ ಹೇಗೂ ಉಪಯೋಗಕ್ಕೆ ಬರ್ತಿತ್ತು."

ಮೆನ್ನಾನಾ ತಡೆಯಲಾರದೆ ನಕ್ಕುಬಿಟ್ಟಳು. ನಗುತ್ತಲೇ ನೀಲಿ ಕಾಗದ ಹರಿದಳು. ಬಾವಿಕಟ್ಟೆಯ ಮೇಲೆ ಸಕ್ಕರೆ ಗಟ್ಟಿ ಇಟ್ಟು, ಕಲ್ಲೊಂದು ಎತ್ತಿ ಒಂದೇ ಏಟು ಹಾಕಿದಳು. ಗಟ್ಟಿ ನಾಲ್ಕು ಹೋಳಾಯಿತು.

"ಒಡೆದ ಸಕ್ಕರೆ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ," ಎಂದಳು. ಕೆನ್ನೆ ಕೆಂಪೇರಿತ್ತು. "ಮೆಕ್ನೆಸ್‌ನಲ್ಲಿ ಇದ್ಯಾ?"

"ಇಲ್ಲ... ಇಲ್ಲವೇ ಇಲ್ಲ!"

ಗೋಡೆಯಾಚೆ ಕಿವಿಯಿಟ್ಟು ನಿಂತಿದ್ದ ಇಪ್ಪತ್ತು ಹೆಂಗಸರು ಒಟ್ಟಿಗೆ ಕೂಗು ಹಾಕಿದರು. ಆ ಗದ್ದಲದಲ್ಲಿ ಅವಳು ಅವನ ಹತ್ತಿರ ಸರಿದಳು.

"ತುಂಬಾ ಹೆದರಿದ್ರಾ?"

"ತುಂಬಾ."

"ನಾನೂ," ಎಂದಳು ಮೆನ್ನಾನಾ. ಒಂದು ಚೂರು ಸಕ್ಕರೆ ಅವನ ಅಂಗೈಯಲ್ಲಿಟ್ಟು, ಆ ಬೆರಳುಗಳನ್ನು ತನ್ನ ಕೈಯಿಂದಲೇ ಮೆಲ್ಲಗೆ ಮಡಚಿದಳು. "ಇನ್ನು ನೆಪ ಬೇಡ ತಯ್ಯಿಬ್. ಸುಮ್ಮನೆ ಬನ್ನಿ."